ಬೀಜಕ್ಕೆ ಬಿಟ್ಟ ಸೋರೆಕಾಯಿ

ರಾವಂದೂರು
೧೨-೯-೧೯೫೫

ಶಿವನಂಜಪ್ಪನಿಗೆ,

ಇಲ್ಲಿ ಯಾರೂ ಕ್ಷೇಮವಾಗಿಲ್ಲ. ಕಾರಣ ನೀನು. ಆದ್ದರಿಂದ ನಿಮ್ಮ ಕ್ಷೇಮ ವಿಚಾರಿಸುವ ಶಾಸ್ತ್ರವನ್ನು ಈ ಕಾಗದದಲ್ಲಿ ಕೈಬಿಟ್ಟಿದ್ದೇನೆ.

ನಿನ್ನೆ ಭಾನುವಾರ ನಮ್ಮ ಪುಟ್ಟಮಲ್ಲಿಯನ್ನು ನೋಡೋದಕ್ಕೆ ಹುಣಸೂರಿನಿಂದ ಮಂಡಿ ಕಂಠಪ್ಪನವರ ಮನೆಯವರು ಬಂದಿದ್ದರು. ಕಂಠಪ್ಪನವರು, ಅವರ ಹೆಂಡತಿ, ಹುಡುಗ, ಹುಡುಗನ ಸೋದರಮಾವ, ಮೇಲೆ ಮೂವರು ಹೆಂಗಸರು. ಏಳು ಎಲೆ ಹಾಕಿದ್ದೆ. ಮೇ ತಿಂಗಳಲ್ಲಿ ನೀನು ಬೀಜ ಕಳಿಸಿದ್ದೆಯಲ್ಲ, "ಅವ್ವನ ಸೋರೆ, ಜೋಪಾನ" ಅಂತ ಚೀಟಿ ಬೇರೆ ಬರೆದಿಟ್ಟು, ಆ ಬಳ್ಳಿಯ ಚೊಚ್ಚಲ ಕಾಯಿಯನ್ನು ಮನೆಯವರಿಗೂ ಕೊಡದೆ ಇವರಿಗೆ ಅಂತಲೇ ಬೆಳೆಸಿದ್ದೆ. ಎರಡು ಕಾಯಿ ಪಾಯಸಕ್ಕೆ, ಎರಡು ಪಲ್ಯಕ್ಕೆ. ಲಿಂಗಕ್ಕೆ ಎಡೆ ಆಗುವ ಮುಂಚೆ ಅಡಿಗೆ ಬಾಯಿಗಿಡೋ ಹಾಗಿಲ್ಲ, ನಿನಗೆ ಗೊತ್ತು. "ನಮ್ಮ ತೌರುಮನೆ ಸೋರೆ, ಬೆಣ್ಣೆ ಥರ ಇರುತ್ತೆ" ಅಂತ ಬಡಿಸುವಾಗ ಎಲೆ ಎಲೆಗೂ ಹೇಳಿಕೊಂಡು ಹೋದೆ.

ಕಂಠಪ್ಪನವರು ಪಾಯಸದ ಮೊದಲ ತುತ್ತು ಬಾಯಿಗಿಟ್ಟರು. ಮರ್ಯಾದಸ್ತರು. ಉಗಿಯಲಿಲ್ಲ, ನುಂಗಿದರು. ಎರಡನೇ ತುತ್ತನ್ನೂ ನುಂಗಿದರು. ಮೂರನೇದಕ್ಕೆ ಎದ್ದರು. ಬಾಗಿಲ ತನಕ ತಲುಪಲಿಲ್ಲ.

ಶಿವನಂಜ, ಬೇವಿನ ಕಷಾಯ ಅದರ ಮುಂದೆ ಜೇನುತುಪ್ಪ ಕಣೋ! ಪುಟ್ಟಮಲ್ಲಿ ಹಾಡು ಹೇಳಬೇಕಿತ್ತು. ಅವಳು ಬಾಯಿ ತೆಗೆದಾಗ ಎಲ್ಲರಿಗೂ ಕೇಳಿಸಿದ್ದು ಕೊಟ್ಟಿಗೆ ಕಡೆಯಿಂದ ಹುಡುಗನ ಸೋದರಮಾವನ ವಾಂತಿ. ಏಳು ಜನ ಜಗಲಿ ಮೇಲೆ ಸಾಲಾಗಿ ಮಲಗಿ ಮಜ್ಜಿಗೆ ಕುಡಿದು, ಮೂರು ಗಂಟೆ ಬಸ್ಸು ಹತ್ತಿದರು. ಹೋಗುವಾಗ ಕಂಠಪ್ಪನವರು ಕೈ ಮುಗಿದರು. ಅದೇ ನನಗೆ ಹೊಟ್ಟೆ ಉರಿ. ಬಯ್ದಿದ್ದರೆ ಚೆನ್ನಾಗಿತ್ತು.

ನಿನ್ನ ಹೆಂಡತಿಗೆ ಹೇಳು. ಅವ್ವನ ಬೀಜ ಕೊಡೋಕೆ ಮನಸ್ಸಿಲ್ಲದಿದ್ದರೆ ಇಲ್ಲ ಅನ್ನಬೇಕಿತ್ತು. ಯಾವುದೋ ಬೇಲಿ ಸೋರೆಯ ಬೀಜಕ್ಕೆ ಅವ್ವನ ಹೆಸರಿಟ್ಟು ಕಳಿಸೋ ಬುದ್ಧಿ ಸುಂದ್ರಮ್ಮನಿಗೆ ಯಾರು ಕಲಿಸಿದರು?

ನಿನ್ನ ಅಕ್ಕ ಅಂತ ಬರೆಯೋಕೆ ಕೈ ಬರುತ್ತಿಲ್ಲ, ಆದರೂ,
ಗುರುಶಾಂತಮ್ಮ


ಮಿರ್ಲೆ
೨೦-೯-೧೯೫೫

ಘನತೆವೆತ್ತ ರಾವಂದೂರು ಸೆಷನ್ಸ್ ನ್ಯಾಯಾಲಯದ ಸನ್ನಿಧಾನಕ್ಕೆ,

ಮಿರ್ಲೆ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು, ಅಂದರೆ ಇರುವ ಇಬ್ಬರು ಮೇಷ್ಟ್ರಲ್ಲಿ ಹೆಚ್ಚು ಬೋಳಾದವನು, ಶಿವನಂಜಪ್ಪ ಎಂಬ ಆಪಾದಿತನು ಎರಡೂ ಕೈ ಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಏಳು ಜನ ಪ್ರತಿಷ್ಠಿತರು ಏಕಕಾಲದಲ್ಲಿ ಜಗಲಿಯ ಮೇಲೆ ಪವಡಿಸಿದ ಸುದ್ದಿ ಓದಿ ಆಪಾದಿತನಿಗೆ ದುಃಖವಾಯಿತು. ನಗು ಬರಲಿಲ್ಲ. ಬಂದಿದ್ದರೂ ಶಾಲೆಯ ಹಿಂದೆ ಹೋಗಿ ನಕ್ಕಿರುತ್ತಿದ್ದನೇ ಹೊರತು ಸುಂದ್ರನ ಎದುರಿಗಲ್ಲ. ಆದರೆ ಬೀಜದ ಬಗ್ಗೆ ಮಾಡಿರುವ ಆಪಾದನೆಯನ್ನು ಪೂರಾ ನಿರಾಕರಿಸುತ್ತಾನೆ. ಕಳೆದ ವರ್ಷ ನಮ್ಮ ಹಿತ್ತಲ ಚಪ್ಪರದ ಮೇಲೆ ಹಬ್ಬಿದ್ದು ಅವ್ವನ ಗಡಿಗೆಯಿಂದ ತೆಗೆದ ಬೀಜವೇ. ಅದರ ಕಾಯಿಗಳನ್ನು ಪಲ್ಯ, ಸಾರು, ದೋಸೆ, ಪಾಯಸ ಎಂಬ ನಾನಾ ಅವತಾರಗಳಲ್ಲಿ ನಾವು ಶ್ರಾವಣದಿಂದ ದೀಪಾವಳಿವರೆಗೆ ತಿಂದು ತೇಗಿದ್ದೇವೆ. ಸಕ್ಕರೆ! ಅದೇ ಬಳ್ಳಿಯಲ್ಲಿ ಒಂದು ಕಾಯಿಗೆ ಸುಂದ್ರ ಕೆಂಪು ಬಟ್ಟೆ ಕಟ್ಟಿ ಬೀಜಕ್ಕೆ ಬಿಟ್ಟಳು. ಅದು ಬಳ್ಳಿಯ ಮೇಲೇ ಒಣಗಿತು. ಒಡೆದು, ಬೂದಿ ಹಚ್ಚಿ, ಬಟ್ಟೆಯಲ್ಲಿ ಕಟ್ಟಿ ನಿನಗೆ ಕಳಿಸಿದವಳೂ ಅವಳೇ. ಇದರಲ್ಲಿ ಬೇಲಿ ಎಲ್ಲಿಂದ ಬಂತು?

ಸಿಹಿಯಾದ ತಾಯಿಯ ಹೊಟ್ಟೆಯಲ್ಲಿ ಕಹಿಯಾದ ಮಗಳು ಹುಟ್ಟಿದ್ದನ್ನು ಯಾರಾದರೂ ಕಂಡಿದ್ದಾರೆಯೇ ಎಂದು ನಾನು ಕೇಳಿದೆ. ನಮ್ಮ ಮನೆತನದಲ್ಲೇ ಒಂದು ಉದಾಹರಣೆ ಇದೆ ಎಂದಳು ಸುಂದ್ರ. ನಾನು ಗದರಿಸಿದೆ.

ರಾವಂದೂರಿನ ಮಣ್ಣನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಅದಕ್ಕಿಂತ ಮುಂಚೆ ಅಡಿಗೆಯವರ ಮನಸ್ಸನ್ನು. ನಮ್ಮ ಈ ವರ್ಷದ ಮೊದಲ ಬಳ್ಳಿಗಳನ್ನು ಪಕ್ಕದ ಮನೆ ಎಮ್ಮೆಯು ಪರಿಶೀಲಿಸಿ ಮುಗಿಸಿದ್ದರಿಂದ, ಎರಡನೇ ಸಲ ಹಾಕಿದ್ದು ಈಗ ಹೂ ಬಿಟ್ಟಿದೆ. ಕಾಯಾದ ಕೂಡಲೇ ಆಪಾದಿತನು ಖುದ್ದಾಗಿ ತಿಂದು, ಬದುಕಿದ್ದರೆ ವರದಿ ಸಲ್ಲಿಸುತ್ತಾನೆ.

ಇಂತೀ, ನಿರಪರಾಧಿಯಾದ
ಶಿವನಂಜ


ರಾವಂದೂರು
೨೮-೯-೧೯೫೫

ಶಿವನಂಜ,

ನಿನ್ನ ಕಾಗದ ಓದಿ ನಿಮ್ಮ ಭಾವ ನಕ್ಕರು. ಅವತ್ತು ಅವರ ಸಾರಿಗೆ ನಾನು ಉಪ್ಪು ಹಾಕಲಿಲ್ಲ. "ಯಾಕೆ ಶಾಂತು, ಉಪ್ಪು ಕಮ್ಮಿ?" ಅಂದರು. "ನಿಮ್ಮ ಬಾಮೈದನ ಹತ್ತಿರ ಈಸ್ಕೊಳ್ಳಿ" ಅಂದೆ. ತೆಪ್ಪಗೆ ಉಂಡೆದ್ದರು.

ನನ್ನ ಮಗಳ ಸಂಬಂಧ ನಿಂತ ನೀರಾಗಿದೆ. ದೀಪಾವಳಿ ಕಳೆದ ಮೇಲೆ ಹೇಳಿ ಕಳಿಸುತ್ತೇವೆ ಅಂದಿದ್ದಾರೆ ಹುಣಸೂರಿನವರು. ಊರಲ್ಲಿ ನಮ್ಮ ಮನೆಗೆ ಕಹಿಮನೆ ಅಂತ ಹೆಸರಿಟ್ಟಾಯಿತು. ನಿನಗೆ ಸೆಷನ್ಸ್ ಕೋರ್ಟು! ನೀನು ಹುಟ್ಟಿದಾಗಿನಿಂದ ಇದೇ ಆಯಿತು. ಮನೆ ಹತ್ತಿ ಉರಿಯುತ್ತಿದ್ದರೂ ಬೆಳಕು ಚೆನ್ನಾಗಿದೆ ಅನ್ನುವವನು ನೀನು. ಆ ತಮಾಷೆಯಿಂದ ನನಗೆ ಏನಾಯಿತು ಅಂತ ನಾನು ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ. ಹೇಳಿಸಬೇಡ.

ಈಗ ಒಂದು ಕೆಲಸ ಮಾಡು. ಅವ್ವ ಯಾವತ್ತೂ ಇದ್ದ ಬೀಜವನ್ನೆಲ್ಲ ಬಿತ್ತಿದವಳಲ್ಲ. ಅರ್ಧ ಬಿತ್ತಿ ಅರ್ಧ ಎತ್ತಿಡುತ್ತಿದ್ದಳು. "ಈ ವರ್ಷದ್ದು ಕೈಕೊಟ್ಟರೆ ಹೋದ ವರ್ಷದ್ದು ಇರಬೇಕು" ಅಂತ. ಅಟ್ಟದ ಮೇಲೆ, ಒಲೆ ಹೊಗೆ ತಾಗುವ ಕಡೆ, ಬಾಯಿಗೆ ಸಗಣಿ ಮೆತ್ತಿದ ಸಣ್ಣ ಗಡಿಗೆ. ಅದರಲ್ಲಿ ಅವಳ ಕೈಯದೇ ಬೀಜ ಉಳಿದಿರಲೇಬೇಕು. ಅದನ್ನು ಕಳಿಸು. ಅವ್ವ ಹೋದಳು, ಅವಳ ಸೋರೆಯಾದರೂ ಉಳಿಯಲಿ. ನನಗೆ ಬೇರೇನೂ ಬೇಡ.

ಗುರುಶಾಂತಮ್ಮ


ಮಿರ್ಲೆ
೧೭-೧೦-೧೯೫೫

ಅಕ್ಕಯ್ಯನಿಗೆ,

ವರದಿ: ನಮ್ಮ ಬಳ್ಳಿಯೂ ಕಾಯಿ ಬಿಟ್ಟಿತು. ಕೊಯ್ದು ಒಂದು ಚೂರು ನಾಲಗೆಯ ಮೇಲಿಟ್ಟೆ. ಶಾಲೆಯಲ್ಲಿ ಮಧ್ಯಾಹ್ನದವರೆಗೆ ಯಾರಿಗೂ ಬಯ್ಯಲಾಗಲಿಲ್ಲ, ನಾಲಗೆ ರಜೆ ಹಾಕಿತ್ತು. ರಾವಂದೂರಿನ ಮಣ್ಣಿನ ಮೇಲೆ ಹೊರಿಸಿದ್ದ ಆಪಾದನೆಯನ್ನು ವಾಪಸು ತೆಗೆದುಕೊಂಡಿದ್ದೇನೆ.

ಗಡಿಗೆಯ ವಿಚಾರ. ಹಳೇ ಬೀಜ ಇತ್ತು. ಈ ಜನವರಿಯಲ್ಲಿ ಹೊಸ ಕಾಯಿ ಒಡೆದಾಗ ಹೊಸ ಬೀಜ ರಾಶಿ ಬಂತು. ಹಳೇದು ಇನ್ನೇಕೆ ಎಂದು ಉಪ್ಪು ಹಚ್ಚಿ ಹುರಿದು ತಿಂದೆವು. ರುಚಿಯಾಗಿತ್ತು.

ಈಗ ನೀನು ಕಾಗದವನ್ನು ಮುದುರಿ ಎಸೆದು, ಮತ್ತೆ ಎತ್ತಿ ಬಿಡಿಸಿ ಓದುತ್ತಿರುತ್ತೀಯ. ಓದು. ನನಗೂ ಕೋಪ ಬರುತ್ತೆ ಅಂತ ನಿನಗೆ ಗೊತ್ತಿರಲಿ. ಅವ್ವ ಅವ್ವ ಅಂತ ಪ್ರತಿ ಸಾಲಲ್ಲೂ ಬರೆಯುತ್ತೀಯಲ್ಲ, ಅವಳು ನಿನ್ನೊಬ್ಬಳ ಅವ್ವನಾ? ಹಾಸಿಗೆ ಹಿಡಿದ ಮೂರು ವಾರ ಅವಳ ಮೈ ಒರೆಸಿದವಳು, ಯಾವ ಸುಂದ್ರಮ್ಮನ ಬುದ್ಧಿ ಬಗ್ಗೆ ನೀನು ಬರೆದೆಯೋ ಆ ಸುಂದ್ರಮ್ಮ. ಗಂಜಿ ಕುಡಿಸಿದವಳು ಅವಳು. ಕುಡಿಯೋದಿಲ್ಲ ಅಂತ ಅವ್ವ ಚೆಲ್ಲಿದರೆ ಬಳಿದವಳು ಅವಳು. ಬೀಜಕ್ಕೆ ಬಂದ ಹಕ್ಕು ಆವಾಗ ಎಲ್ಲಿ ಹೋಗಿತ್ತು? ನಾನು ನಿನಗೆ ಕಾರ್ಡು ಹಾಕಿದ್ದೆ.

ನೀನು ಬರಲಿಲ್ಲ.

ಶಿವನಂಜಪ್ಪ


ರಾವಂದೂರು
೨೨-೧೦-೧೯೫೫

ಶಿವನಂಜಪ್ಪ ಮೇಷ್ಟ್ರಿಗೆ,

ನೀನು ಹಾಕಿದ ಕಾರ್ಡನ್ನು ಇದರ ಜೊತೆ ಇಟ್ಟಿದ್ದೇನೆ. ಕೈಬರಹ ನಿನ್ನದೇ ಹೌದೋ ಅಲ್ಲವೋ ನೋಡಿಕೋ. ಮರೆತಿದ್ದರೆ ಇಲ್ಲೇ ನಕಲು ಮಾಡುತ್ತೇನೆ, ಓದು:

"ಮಿರ್ಲೆ, ೩-೩-೧೯೫೪. ಅಕ್ಕಯ್ಯನಿಗೆ. ಇಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ಕ್ಷೇಮ. ಅವ್ವ ಕಷಾಯ ಬಹಿಷ್ಕಾರದ ಚಳವಳಿ ಹೂಡಿ, ಹಾಸಿಗೆಯಿಂದಲೇ ರಾಜ್ಯಭಾರ ನಡೆಸುತ್ತಿದ್ದಾಳೆ. ನಿನ್ನೆ ಡಾಕ್ಟರನ್ನು ಡಿಸ್ಮಿಸ್ ಮಾಡಿದಳು. ಸುಂದ್ರ ರಾಜೀನಾಮೆ ಕೊಡುವ ಯೋಚನೆಯಲ್ಲಿದ್ದಾಳೆ. ಮಹಾರಾಣಿಯವರಿಗೆ ಸೋರೆಕಾಯಿ ಪಲ್ಯ ಬೇಕಂತೆ, ಈ ಬಿಸಿಲಲ್ಲಿ ಎಲ್ಲಿಂದ ತರಲಿ? ಯುಗಾದಿ ಕಳೆದು ಪುರಸೊತ್ತಾದಾಗ ತಾವು ಒಮ್ಮೆ ದಯಮಾಡಿಸಿ ಸಂಧಾನ ನಡೆಸಿಕೊಡುವುದು. ಶಿವನಂಜ."

ನಾನು ಇದನ್ನು ಓದಿ ನಕ್ಕೆ. ನಿಮ್ಮ ಭಾವನಿಗೆ ಓದಿ ಹೇಳಿದೆ. ಪಕ್ಕದ ಮನೆ ಸುನಂದಮ್ಮನಿಗೆ ಗೋಡೆ ಮೇಲಿಂದ ಓದಿ ಹೇಳಿ ಇಬ್ಬರೂ ನಕ್ಕೆವು. ಯುಗಾದಿಗೆ ಅವ್ವನಿಗೆ ಅಂತ ಸೀರೆ ತೆಗೆದಿಟ್ಟೆ. ಮಾರ್ಚಿ ಹನ್ನೆರಡಕ್ಕೆ ತಂತಿ ಬಂತು. ಹುಣಸೂರಲ್ಲಿ ಬಸ್ಸು ತಪ್ಪಿತು. ನಾನು ಮಿರ್ಲೆಗೆ ಬರೋ ಹೊತ್ತಿಗೆ ಸಮಾಧಿಗೆ ಮಣ್ಣು ಮುಚ್ಚಿ, ಮೇಲೆ ಹೂವೂ ಬಾಡಿತ್ತು.

ನಾಲ್ಕು ಸಾಲು ತಮಾಷೆಗೆ ಕಾರ್ಡಿನಲ್ಲಿ ಜಾಗ ಇತ್ತು. "ಬಾ" ಅಂತ ಒಂದಕ್ಷರ ಎಲ್ಲಿದೆ ತೋರಿಸು. ದಯಮಾಡಿಸುವುದಂತೆ! ಯಾವ ಅಕ್ಕನನ್ನು ಯಾವ ತಮ್ಮ ಹಾಗೆ ಕರೀತಾನೆ?

ಒಂದೂವರೆ ವರ್ಷದಿಂದ ಇದನ್ನು ಪೆಟ್ಟಿಗೆಯಲ್ಲಿ ಅವ್ವನ ಸೀರೆಯ ಕೆಳಗೆ ಇಟ್ಟಿದ್ದೆ. ಇನ್ನು ನೀನೇ ಇಟ್ಟುಕೋ. ಅವ್ವನನ್ನು ನಗುತ್ತಾ ಕಳಿಸಿದೆ. ಅವಳ ಬೀಜವನ್ನು ಹುರಿದು ತಿಂದೆ. ಇನ್ನು ಮೇಲೆ ನನಗೆ ಕಾಗದ ಹಾಕಬೇಡ.

ಗುರುಶಾಂತಮ್ಮ


ಮಿರ್ಲೆ
೨-೧-೧೯೫೬

ಅಕ್ಕಯ್ಯನವರಿಗೆ ಸುಂದ್ರಮ್ಮನ ಶರಣು.

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ರೆ ನೀವೇ ತಿದ್ದಿಕೊಳ್ಳಿ. ನಿಮ್ಮ ತಮ್ಮನವರಿಗೆ ಗೊತ್ತಿಲ್ಲದಂಗೆ ಬರೀತಾ ಇವ್ನಿ.

ನಂಗೂ ಕ್ವಾಪ ಬಂದದೆ ಅಕ್ಕಯ್ಯ, ನಿಮ್ಮಿಬ್ಬರ ಮೇಲೂ. ಅಕ್ಕ ತಮ್ಮ ಜಗಳ ಆಡ್ಕಳಿ, ಬ್ಯಾಡ ಅನ್ನಕ್ಕಿಲ್ಲ. ನನ್ನ ಹೆಸರನ್ನ ಯಾಕೆ ಹಗ್ಗ ಮಾಡ್ಕಂಡು ಆ ಕಡೆ ಈ ಕಡೆ ಎಳೀತೀರಿ? ಹಳೇ ಬೀಜ ಹುರಿಯಣ ಅಂದದ್ದು ನಿಮ್ಮ ತಮ್ಮ. ಹುರಿದದ್ದು ನಾನು. ತಿಂದದ್ದು ಇಬ್ಬರೂ. ಅದು ನನ್ನ ತಪ್ಪೇ, ಅತ್ತೆ ಹೇಳಿಕೊಟ್ಟಿದ್ದ ನಾನೇ ಮರೆತೆ. ಆದರೆ ಕಹಿ ಎಲ್ಲಿಂದ ಬಂತು ಅನ್ನೋದು ಬೇರೆ ಕತೆ. ನಿಮ್ಮ ತಮ್ಮನವರಿಗೆ ಗೊತ್ತಾಗಿ ಎರಡು ತಿಂಗಳಾಯ್ತು, ಬಾಯಿ ಬುಡ್ತಾ ಇಲ್ಲ.

ಅತ್ತೆ ಹೋದ ಮೇಲೆ ಇವರಿಗೆ ಮನೇಲಿ ಕೂರಕ್ಕಾಗ್ತಿರಲಿಲ್ಲ. ಆ ವರ್ಷ ಈಜು ಕಲೀತೀನಿ ಅಂತ ಹೊಂಟರು. ನಲವತ್ತೊಂದನೇ ವಯಸ್ಸಲ್ಲಿ! ಬೆನ್ನಿಗೆ ಕಟ್ಟಿಕೊಳ್ಳೋಕೆ ಸೋರೆ ಬುರುಡೆ ಬೇಕು, ಊಟದ ಸೋರೆ ಬುರುಡೆ ತೆಳ್ಳಗೆ, ಒಡೆದು ಹೋಗುತ್ತೆ ಅಂತ, ಎನ್. ಬೇಗೂರಿಂದ ಬಂದಿರೋ ಚೆಲುವಯ್ಯ ಮೇಷ್ಟ್ರ ಹತ್ರ ಕಾಡುಸೋರೆ ಬೀಜ ಈಸ್ಕಂಡು ಬಂದು ಬೇಲಿಗೆ ಹಬ್ಬಿಸಿದ್ರು. ನಮ್ಮ ಚಪ್ಪರದಿಂದ ಹತ್ತು ಮಾರು ಇಲ್ಲ. ಈಜು ಕಲಿತರಾ ಅಂತ ಕೇಳಬ್ಯಾಡಿ. ಬುರುಡೆ ಎರಡು ಬೆನ್ನಿಗೆ ಕಟ್ಕಂಡು ನಾಲೆಗೆ ಇಳಿದ್ರು. ಬುರುಡೆ ಮೇಲೆ, ಮೇಷ್ಟ್ರು ಕೆಳಗೆ. ಎಮ್ಮೆ ತೊಳೀತಿದ್ದ ಕರಿಯಯ್ಯ ಕಾಲು ಹಿಡಿದು ಎಳೀದಿದ್ರೆ ನಾನು ಈ ಕಾಗದ ಬೇರೆ ಥರ ಬರೀಬೇಕಿತ್ತು.

ಹೋದ ಅಕ್ಟೋಬರಲ್ಲಿ ಚೆಲುವಯ್ಯ ಮೇಷ್ಟ್ರು ನಮ್ಮ ಹಿತ್ತಲಿಗೆ ಬಂದವರು ಬೇಲಿ ನೋಡಿ ನಿಂತುಬುಟ್ರು.

"ಏನ್ರೀ ಇದು, ಕಾಡುಸೋರೆನ ಊಟದ ಸೋರೆ ಪಕ್ಕ ಹಾಕೋದಾ?"

"ಬೇರೆ ಬೇರೆ ಬಳ್ಳಿ ಅಲ್ವೇನ್ರೀ?" ಅಂದ್ರು ಇವರು.

"ಬಳ್ಳಿ ಬೇರೆ. ಹುಳ ಒಂದೇ ಕಣ್ರೀ! ಸಂಜೆ ಹೂ ಬಿರಿದಾಗ ಚಿಟ್ಟೆ ಹುಳ ಅಲ್ಲಿಗೂ ಕೂರುತ್ತೆ ಇಲ್ಲಿಗೂ ಕೂರುತ್ತೆ. ಆ ವರ್ಷ ಕಾಯಿ ಸಿಹಿಯಾಗೇ ಇರುತ್ತೆ, ನಿಮಗೆ ತಿಳಿಯಲ್ಲ. ಕಹಿ ಸೇರಿರೋದು ಒಳಗಿನ ಬೀಜಕ್ಕೆ. ಬಿತ್ತಿದ ಮೇಲೆ, ಬರೋ ವರ್ಷ ಗೊತ್ತಾಗುತ್ತೆ."

ಇವರು ಅಲ್ಲೇ ಕಲ್ಲಿನ ಮೇಲೆ ಕೂತುಬುಟ್ರು. ಅದಾಗಿ ನಾಲ್ಕು ದಿನಕ್ಕೆ ನೀವು ವಾಪಸು ಕಳಿಸಿದ ಆ ಹಳೇ ಕಾರ್ಡು ಬಂತು. ಅವತ್ತಿನಿಂದ ತಮಾಷೆ ನಿಂತದೆ ಅಕ್ಕಯ್ಯ. ಮನೆ ಇನ್‌ಸ್ಪೆಕ್ಟರು ಬಂದ ದಿನದ ಸ್ಕೂಲಿನಂಗೆ ಆಗದೆ. ದಿನಾ ನಿಮಗೆ ಕಾಗದ ಬರೀತಾರೆ, ಹರೀತಾರೆ. ನಮ್ಮ ನೀರೊಲೆಗೆ ಈಗ ಅದೇ ಪುರಳೆ. ಇವರು ತಮಾಷೆ ಮಾಡಿದ್ರೆ ನಂಗೆ ಮೈ ಉರಿಯೋದು. ಮಾಡದೇ ಇದ್ರೆ ಭಯ ಆಯ್ತದೆ.

ಬೇಲಿ ಸೋರೆ ಬೀಜ ಕಳಿಸಿದೆ ಅಂದ್ರಲ್ಲ. ಆ ಮಾತು ಮಾತ್ರ ನಾನು ಮರೆಯಲ್ಲ ಅಕ್ಕಯ್ಯ, ಹೇಳ್ಬುಟ್ಟೆ.

ಸುಂದ್ರಮ್ಮ


ಮಿರ್ಲೆ
೧೬-೧-೧೯೫೬

ಅಕ್ಕ,

ಕಾಗದ ಹಾಕಬೇಡ ಅಂದಿದ್ದೀಯ. ಹಾಕುತ್ತಿದ್ದೇನೆ. ಬೇಕಾದರೆ ಓದಬೇಡ.

ಕಹಿ ಮಾಡಿದವನು ನಾನು. ಈಜುವ ಬುರುಡೆಗೆ ಅಂತ ಬೇಲಿಗೆ ಕಾಡುಸೋರೆ ಹಬ್ಬಿಸಿದ್ದೆ. ಅದರ ಪರಾಗ ಅವ್ವನ ಬಳ್ಳಿಯ ಹೂವಿಗೆ ಸೇರಿತು. ನನಗೆ ಗೊತ್ತಿರಲಿಲ್ಲ. ಅವ್ವ ಇದ್ದಿದ್ದರೆ ಆ ಬೀಜವನ್ನು ನನ್ನ ಕೈಯಿಂದ ಕಿತ್ತು ತಿಪ್ಪೆಗೆ ಎಸೆಯುತ್ತಿದ್ದಳು. ಅವಳು ಇರಲಿಲ್ಲ, ನಾನು ಯಾರನ್ನೂ ಕೇಳಲಿಲ್ಲ.

ಊರಲ್ಲಿ ವಿಚಾರಿಸಿದೆ. ಅವ್ವ ಇಪ್ಪತ್ತು ಮನೆಗಾದರೂ ಬೀಜ ಕೊಟ್ಟಿದ್ದಾಳೆ. ಒಬ್ಬರ ಹತ್ತಿರವೂ ಇಲ್ಲ. ಯಾರೂ ಕಾಯನ್ನು ಒಣಗೋಕೆ ಬಿಡುತ್ತಿರಲಿಲ್ಲ, ಎಲ್ಲವನ್ನೂ ತಿಂದು, ಮುಂಗಾರಿಗೆ ಮತ್ತೆ ಅವಳ ಬಾಗಿಲಿಗೆ ಬರುತ್ತಿದ್ದರು. ಬೀಜಕ್ಕೆ ಅಂತ ಒಂದು ಕಾಯಿ ಬಿಡುವ ತಾಳ್ಮೆ ಇದ್ದದ್ದು ಅವಳೊಬ್ಬಳಿಗೆ. ಬೇಲಿಯದನ್ನೂ ಚಪ್ಪರದ್ದನ್ನೂ ಕಿತ್ತು ಸುಟ್ಟಿದ್ದೇನೆ. ಅವ್ವನ ಸೋರೆ ಮುಗಿಯಿತು. ನಾನೇ ಮುಗಿಸಿದೆ.

ಇನ್ನು ಆ ಕಾರ್ಡು.

ಅವ್ವ ಡಾಕ್ಟರನ್ನು ವಾಪಸು ಕಳಿಸಲಿಲ್ಲ. ಡಾಕ್ಟರೇ ಇನ್ನು ನಾನು ಬಂದು ಪ್ರಯೋಜನವಿಲ್ಲ ಅಂದರು. "ಮಕ್ಕಳು ದೂರದಲ್ಲಿದ್ದರೆ ಕರೆಸಿಬಿಡಿ ಮೇಷ್ಟ್ರೇ" ಅಂದರು. ಅದು ಮಾರ್ಚಿ ಎರಡನೇ ತಾರೀಕು. ಮೂರಕ್ಕೆ ನಾನು ಅಂಚೆ ಕಚೇರಿಯಲ್ಲಿ ನಿಂತು ಕಾರ್ಡು ಬರೆದೆ. "ಅಕ್ಕ, ಕೂಡಲೇ ಬಾ" ಅಂತ ಬರೆದೆ. ಬರೆದದ್ದನ್ನು ನೋಡಿದೆ. ಅದನ್ನು ಡಬ್ಬಿಗೆ ಹಾಕಿದರೆ ಅವ್ವ ಸಾಯುವುದನ್ನು ನಾನೇ ಒಪ್ಪಿ ಸಹಿ ಹಾಕಿದ ಹಾಗೆ ಅನ್ನಿಸಿತು. ಹರಿದೆ. ಇನ್ನೊಂದು ಕಾರ್ಡು ತೆಗೆದುಕೊಂಡು, ನಿನ್ನ ಪೆಟ್ಟಿಗೆಯಲ್ಲಿ ಇದ್ದದ್ದನ್ನು ಬರೆದೆ. ಬರೆಯುತ್ತಾ ಬರೆಯುತ್ತಾ ಅವ್ವ ನಿಜಕ್ಕೂ ಹಟ ಮಾಡುತ್ತಿದ್ದಾಳೆ ಅಷ್ಟೆ ಅಂತ ನನಗೂ ನಂಬಿಕೆ ಬಂತು.

ಎಂಟು ದಿನ ಅವಳು ಬಾಗಿಲ ಕಡೆ ನೋಡುತ್ತಿದ್ದಳು. ನಾಳೆ ಬರುತ್ತಾಳೆ ಅಂತ ಹೇಳುತ್ತಿದ್ದೆ.

ಅಕ್ಟೋಬರಿನಲ್ಲಿ "ನೀನು ಬರಲಿಲ್ಲ" ಅಂತ ಬರೆದೆನಲ್ಲ, ಅದು ಸುಳ್ಳು. ನಾನು ಕರೆಯಲಿಲ್ಲ. ಕ್ಷಮಿಸು ಅಂತ ಕೇಳುವುದಕ್ಕೆ ಮುಖ ಇಲ್ಲ.

ಶಿವನಂಜ


ರಾವಂದೂರು
೨೧-೫-೧೯೫೬

ಶಿವನಂಜನಿಗೆ,

ನಿನ್ನ ಕಾಗದ ತಲುಪಿ ನಾಲ್ಕು ತಿಂಗಳಾಯಿತು. ಉತ್ತರ ಬರೆಯಲಿಲ್ಲ ಅಂದರೆ ಕೋಪ ಇಳಿದಿದೆ ಅಂತ ತಿಳಿಯಬೇಡ. ಇಳಿದಿದ್ದರೆ ಬರೆಯುತ್ತಿದ್ದೆ. ಎಂಟು ದಿನ ಬಾಗಿಲು ನೋಡಿದಳು ಅನ್ನೋ ಸಾಲನ್ನು ನೀನು ಬರೆಯಬಾರದಿತ್ತು. ಬರೆಯದೇ ಇದ್ದಿದ್ದರೆ ನಿನ್ನನ್ನು ಕೊಲ್ಲುತ್ತಿದ್ದೆ. ಎರಡೂ ನಿಜ.

ಹುಣಸೂರಿನವರು ಒಪ್ಪಿದ್ದಾರೆ. ಮದುವೆ ಬರುವ ಮಾಘದಲ್ಲಿ. ಕಂಠಪ್ಪನವರದು ಒಂದೇ ಷರತ್ತು, ಮದುವೆ ಮನೆ ಸುತ್ತಮುತ್ತ ಸೋರೆಕಾಯಿ ಕಣ್ಣಿಗೂ ಬೀಳಕೂಡದು.

ಈಗ ನನ್ನ ತಪ್ಪು ಬರೆಯುತ್ತೇನೆ. ನಿಮ್ಮ ಭಾವನಿಗೆ ಓದೋಕೆ ಕೊಟ್ಟಿಲ್ಲ, ನೀನೂ ಯಾರಿಗೂ ತೋರಿಸಬೇಡ. ಸೋರೆಕಾಯಿ ಹೆಚ್ಚುವ ಮುಂಚೆ ಹಸೀದನ್ನೇ ಒಂದು ಚೂರು ನಾಲಗೆಗೆ ಇಟ್ಟು ಉಗಿಯಬೇಕು ಅಂತ ಅವ್ವ ನನಗೆ ಏಳನೇ ವಯಸ್ಸಿಗೆ ಕಲಿಸಿದ್ದಳು. ಆವತ್ತು ನಾನು ಇಡಲಿಲ್ಲ. ಅವ್ವನ ಸೋರೆಯನ್ನು ಪರೀಕ್ಷೆ ಮಾಡೋದಾ ಅನ್ನೋ ಜಂಬ. ಏಳು ಜನ ಮಲಗಿದ್ದು ಅರ್ಧ ನಿನ್ನಿಂದ, ಅರ್ಧ ಆ ಜಂಬದಿಂದ.

ಇನ್ನೊಂದು. ಐವತ್ತನಾಲ್ಕರ ಸಂಕ್ರಾಂತಿಗೆ ಮಿರ್ಲೆಗೆ ಬಂದಿದ್ದೆನಲ್ಲ, ಅದೇ ಅವ್ವನನ್ನು ಕಡೇ ಸಲ ನೋಡಿದ್ದು. ಹೊರಡುವಾಗ ಎಳ್ಳುಬೆಲ್ಲದ ಜೊತೆ ಮಡಿಲಿಗೆ ಒಂದು ಒಣಗಿದ ಸೋರೆಕಾಯಿ ಹಾಕಿದಳು. ಒಡೆಯದ ಕಾಯಿ. "ಮುಂಗಾರಿಗೆ ಒಡೆದು ಹಾಕ್ಕೋ" ಅಂದಳು. ಮುಂಗಾರು ಬರೋದರೊಳಗೆ ಅವಳೇ ಇರಲಿಲ್ಲ. ಅವಳು ಕೈಯಾರೆ ಕೊಟ್ಟಿದ್ದು, ಹೇಗೆ ಒಡೆಯಲಿ? ಒಳಮನೆ ತೊಲೆಗೆ ತೂಗುಹಾಕಿದೆ. ಯಾರೂ ಇಲ್ಲದಾಗ ಇಳಿಸಿ ಅಲ್ಲಾಡಿಸುತ್ತಿದ್ದೆ, ಒಳಗೆ ಬೀಜ ಗಿಲಗಿಲ ಅನ್ನೋದು. ಅದನ್ನು ಒಡೆಯಬಾರದು ಅಂತಲೇ ಹೋದ ವರ್ಷ ನಿನ್ನ ಹತ್ತಿರ ಬೀಜ ಕೇಳಿದ್ದು. ಅವ್ವನ ಬೀಜ ಹಾಳು ಮಾಡಿದೆ ಅಂತ ನಿನಗೆ ಒಂದೊಂದು ಕಾಗದ ಬರೆಯುವಾಗಲೂ ಅದು ನನ್ನ ತಲೆಯ ಮೇಲೇ ತೂಗುತ್ತಿತ್ತು.

ಮೊನ್ನೆ ಇಳಿಸಿ ಅಲ್ಲಾಡಿಸಿದೆ. ಸದ್ದು ಬರಲಿಲ್ಲ.

ಹಿತ್ತಲ ಕಲ್ಲಿನ ಮೇಲಿಟ್ಟು ಮಚ್ಚಿನ ಹಿಂಬದಿಯಿಂದ ಹೊಡೆದೆ. ಒಂದೇ ಏಟಿಗೆ ಒಡೆಯಿತು. ಹೋದ ಮಳೆಗಾಲದಲ್ಲಿ ಹೆಂಚು ಸೋರಿ ಒಂದು ಮಗ್ಗುಲಿಗೆ ನೀರಿಳಿದಿದೆ, ನಾನು ನೋಡಿಲ್ಲ. ಇನ್ನೂರು ಬೀಜ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿವೆ. ನೀನು ಹುರಿದು ತಿಂದೆ, ನಾನು ಪೂಜೆ ಮಾಡಿ ಕೊಳೆಸಿದೆ. ಅವ್ವ ನೋಡಿದ್ದರೆ ಇಬ್ಬರಿಗೂ ಒಂದೇ ಕೋಲು ತೆಗೆದುಕೊಳ್ಳುತ್ತಿದ್ದಳು.

ಬಿಡಿಸಿ, ಒರೆಸಿ, ಒಂದಷ್ಟು ಹೊತ್ತು ನೀರಿಗೆ ಹಾಕಿದೆ. ತೇಲಿದ್ದು ಜೊಳ್ಳು, ಬಿಸಾಕಿದೆ. ಮುಳುಗಿದ್ದು ಇಪ್ಪತ್ತೊಂದು. ತೇಲೋಕೆ ಬರದೇ ಇರೋದೇ ಒಳ್ಳೇ ಬೀಜ ಅಂತ ಲೆಕ್ಕ, ನಾಲೆ ಕರಿಯಯ್ಯನಿಗೂ ಈ ಮಾತು ಹೇಳು.

ನೆರಳಲ್ಲಿ ಆರಿಸಿ ಹನ್ನೊಂದನ್ನು ಇದರಲ್ಲಿ ಇಟ್ಟಿದ್ದೇನೆ. ಹತ್ತು ನನಗೆ. ನಿನಗೆ ಒಂದು ಹೆಚ್ಚು ಪ್ರೀತಿಗಲ್ಲ, ನಿಮ್ಮ ಪಕ್ಕದ ಮನೆ ಎಮ್ಮೆಗೆ. ಸುಂದ್ರಮ್ಮನ ಕೈಯಲ್ಲಿ ಬಿತ್ತಿಸು, ನೀನು ಮುಟ್ಟಬೇಡ. ಅವಳ ಮೇಲೆ ಹೊರಿಸಿದ್ದು ನನ್ನ ತಪ್ಪು ಅಂತ ಅವಳಿಗೆ ಓದಿ ಹೇಳು, ಎದುರಿಗೆ ಹೇಳೋದು ಇನ್ನೂ ಬಾಕಿ ಇದೆ. ಮೊದಲ ಕಾಯಿ ಬಂದರೆ, ಬಂದರೆ ಅಂತಲೇ ಬರೆಯುತ್ತೇನೆ, ಚೂರು ನಾಲಗೆಗೆ ಇಟ್ಟು ನೋಡಿ ಕಾರ್ಡು ಹಾಕು. ಅದರಲ್ಲಿ ಘನ ನ್ಯಾಯಾಲಯ ಏನಾದರೂ ಬಂದರೆ ಕಾರ್ಡು ನೇರ ಒಲೆಗೆ.

ನಿನ್ನ ಅಕ್ಕ,
ಗುರುಶಾಂತಮ್ಮ


ರಾವಂದೂರು
೨೬-೬-೧೯೫೬

ಶಿವನಂಜ, ನನ್ನವು ಹತ್ತೂ ಹುಟ್ಟಲಿಲ್ಲ. ಮಣ್ಣು ಕೆದಕಿ ನೋಡಿದೆ, ಒಳಗೇ ಕರಗಿವೆ. ನಿನ್ನವು?

ಗು.


ಮಿರ್ಲೆ
೨-೭-೧೯೫೬

ಅಕ್ಕ, ಎರಡು ಹುಟ್ಟಿದವು. ಒಂದನ್ನು ಬಸವನಹುಳು ತಿಂತು. ಒಂದು ಇದೆ, ನಾಲ್ಕು ಎಲೆ. ಸುಂದ್ರ ಬುಟ್ಟಿ ಮುಚ್ಚಿ ಮುಳ್ಳು ಹೊದಿಸಿದ್ದಾಳೆ. ಎಮ್ಮೆಯ ಕಾವಲು ನನ್ನದು.

ಶಿವನಂಜ


ಮಿರ್ಲೆ
೧೪-೯-೧೯೫೬

ಅಕ್ಕ,

ಸಿಹಿಯಾಗಿದೆ.

ಬಾ.

ಶಿವನಂಜ